ಹತ್ತೋ ಹನ್ನೆರಡೋ: ಒಂದು ಮಸೂದೆ, ಹಲವು ಇರಾದೆ

1891ರ ಜನವರಿ 9ರಂದು ಕಲ್ಕತ್ತೆಯಲ್ಲಿ ವೈಸರಾಯರ ಶಾಸನ ಸಭೆಯ ಮುಂದೆ ಕಾನೂನು ಸದಸ್ಯ ಸರ್ ಆಂಡ್ರೂ ಸ್ಕೋಬಲ್ ಒಂದು ಪುಟ್ಟ ಮಸೂದೆಯನ್ನು ಮಂಡಿಸಿದರು. 1860ರ ದಂಡ ಸಂಹಿತೆಯ ಪ್ರಕಾರ ಹತ್ತು ವರ್ಷ ತುಂಬದ ಹುಡುಗಿಯೊಡನೆ ದೇಹಸಂಬಂಧ ನಡೆಸುವುದು, ಆಕೆ ಕೈಹಿಡಿದ ಹೆಂಡತಿಯೇ ಆಗಿದ್ದರೂ, ಅತ್ಯಾಚಾರವೆನಿಸುತ್ತಿತ್ತು. ಆ ಹತ್ತನ್ನು ಹನ್ನೆರಡು ಮಾಡಬೇಕು ಎಂಬುದಷ್ಟೇ ಮಸೂದೆಯ ಸಾರ. ಮದುವೆಯ ವಯಸ್ಸಿನ ವಿಚಾರಕ್ಕೆ ಅದು ಹೋಗಿರಲಿಲ್ಲ. ಎಂಟು ವರ್ಷದ ಹುಡುಗಿಗೆ ತಾಳಿ ಕಟ್ಟಿಸುವುದು ಮೊದಲಿನಂತೆಯೇ ಕಾನೂನುಬದ್ಧವಾಗಿ ಉಳಿಯುತ್ತಿತ್ತು. ಆದರೂ ಮುಂದಿನ ಹತ್ತು ವಾರಗಳ ಕಾಲ ಕಲ್ಕತ್ತೆಯಿಂದ ಪುಣೆಯವರೆಗೆ ಪತ್ರಿಕೆಗಳಲ್ಲಿ ಎದ್ದ ಗದ್ದಲ ಅದುವರೆಗೆ ಈ ದೇಶದ ಯಾವ ಕಾನೂನಿನ ಬಗ್ಗೆಯೂ ಎದ್ದಿರಲಿಲ್ಲ ಎಂದರೆ ತಪ್ಪಾಗಲಾರದು.

ಆ ಕಾಲದ ವಾಗ್ವಾದವನ್ನು ಇಂದು ತಿರುವಿಹಾಕಿದರೆ ಎದ್ದು ಕಾಣುವ ಸಂಗತಿಯೊಂದಿದೆ. ಹತ್ತು ಸರಿಯೋ ಹನ್ನೆರಡು ಸರಿಯೋ ಎಂಬ ಚರ್ಚೆಗಿಂತ, ಇದನ್ನು ಹೇಳುತ್ತಿರುವವರು ಯಾರು, ಯಾಕೆ ಹೇಳುತ್ತಿದ್ದಾರೆ, ಅವರ ಹೊಟ್ಟೆಯೊಳಗೆ ಏನಿದೆ ಎಂಬ ಚರ್ಚೆಗೇ ಹೆಚ್ಚು ಶಾಯಿ ಖರ್ಚಾಯಿತು. ಸುಧಾರಕರ ಪತ್ರಿಕೆಗಳಿಗೆ ವಿರೋಧಿಗಳೆಲ್ಲ ಬೂಟಾಟಿಕೆಯವರಾಗಿ ಕಂಡರು. ವಿರೋಧಿಗಳ ಪತ್ರಿಕೆಗಳಿಗೆ ಸುಧಾರಕರೆಲ್ಲ ಬಿರುದಿಗಾಗಿ ಬಾಯಿಬಿಡುವವರಾಗಿ ಕಂಡರು. ಎದುರು ಪಕ್ಷದ ಪತ್ರಿಕೆ ಸುಳ್ಳು ಬರೆಯುತ್ತಿದೆ, ತಮ್ಮ ಮಾತನ್ನು ತಿರುಚುತ್ತಿದೆ ಎಂಬ ದೂರು ಎರಡೂ ಕಡೆಯಿಂದ ಸಮನಾಗಿಯೇ ಕೇಳಿಬಂತು. ಈ ದೂರುಗಳಲ್ಲಿ ಸತ್ಯಾಂಶ ಇರಲಿಲ್ಲವೆಂದಲ್ಲ. ಬೇಕಾದಷ್ಟು ಇತ್ತು. ತೊಡಕು ಇದ್ದದ್ದೇ ಅಲ್ಲಿ.

ಕಥೆ ಏಳು ವರ್ಷ ಹಿಂದಿನಿಂದ ಆರಂಭವಾಗುತ್ತದೆ. ಮುಂಬಯಿಯ ‘ಇಂಡಿಯನ್ ಸ್ಪೆಕ್ಟೇಟರ್’ ಪತ್ರಿಕೆಯ ಸಂಪಾದಕ ಬೆಹರಾಮ್‌ಜಿ ಮಲಬಾರಿ 1884ರಲ್ಲಿ ಬಾಲ್ಯವಿವಾಹ ಮತ್ತು ಬಲವಂತದ ವೈಧವ್ಯವನ್ನು ಕುರಿತು ಎರಡು ಟಿಪ್ಪಣಿಗಳನ್ನು ಬರೆದು ಅಧಿಕಾರಿಗಳಿಗೂ ಹಿಂದೂ ಮುಖಂಡರಿಗೂ ಹಂಚಿದರು. ಮದುವೆಯಾದ ಹುಡುಗರನ್ನು ವಿಶ್ವವಿದ್ಯಾಲಯದ ಪರೀಕ್ಷೆಗೆ ಕೂಡಿಸಬಾರದು ಎಂಬಂಥ ಸಲಹೆಗಳೂ ಅವುಗಳಲ್ಲಿದ್ದವು. ಸರ್ಕಾರ ಎಲ್ಲ ಪ್ರಾಂತಗಳ ಅಭಿಪ್ರಾಯ ತರಿಸಿಕೊಂಡು, 1886ರಲ್ಲಿ, ಇದು ಸಮಾಜ ತಾನಾಗಿಯೇ ತಿದ್ದಿಕೊಳ್ಳಬೇಕಾದ ವಿಷಯವೆಂದು ಕೈತೊಳೆದುಕೊಂಡಿತು. ಮಲಬಾರಿ ಸುಮ್ಮನಾಗಲಿಲ್ಲ. ಊರೂರು ತಿರುಗಿದರು, ತಮ್ಮ ಪತ್ರಿಕೆಯಲ್ಲಿ ಬರೆದರು, 1890ರಲ್ಲಿ ಲಂಡನ್ನಿಗೇ ಹೋಗಿ ಅಲ್ಲಿನ ಪ್ರಭಾವಶಾಲಿಗಳನ್ನು ಕಂಡರು.

ಮಲಬಾರಿ ಪಾರಸಿ. ಪಾರಸಿಗಳು ತಮ್ಮ ಮದುವೆ-ವಿಚ್ಛೇದನಗಳಿಗೆ 1865ರಷ್ಟು ಹಿಂದೆಯೇ ಸರ್ಕಾರದಿಂದ ಪ್ರತ್ಯೇಕ ಕಾನೂನು ಮಾಡಿಸಿಕೊಂಡಿದ್ದರು. ಹಿಂದೂ ಮನೆಯ ಸೋಬಾನೆಯ ವಿಚಾರ ಈತನಿಗೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಆತನಿಗೆ ಹೆಸರಿನ ಹುಚ್ಚು, ದೊರೆಗಳ ಮೆಚ್ಚುಗೆಯ ಹಸಿವು ಎಂದು ಬರೆದವರಿದ್ದರು. ಇಂಗ್ಲೆಂಡಿಗೆ ಹೋಗಿ ಪರರ ಮುಂದೆ ಮನೆಯ ಕೊಳೆ ತೋರಿಸಿದನೆಂಬ ಆಕ್ಷೇಪ ಇನ್ನೂ ಗಾಢವಾಗಿ ನಾಟಿತು. ಮಲಬಾರಿಯ ಬರವಣಿಗೆಯಲ್ಲಿಯೂ ಅತಿರೇಕಕ್ಕೆ ಕೊರತೆಯಿರಲಿಲ್ಲ. ಹಿಂದೂ ಸಮಾಜವನ್ನು ಒಟ್ಟಾಗಿ ಹೀಗಳೆಯುವ ಧಾಟಿ ಅಲ್ಲಲ್ಲಿ ಇಣುಕುತ್ತಿತ್ತು. ಅವರ ಪರವಾಗಿ ನಿಲ್ಲಬಹುದಾಗಿದ್ದ ಕೆಲವರೂ ಆ ಧಾಟಿಯಿಂದಲೇ ದೂರ ಸರಿದರು.

ಇದರ ನಡುವೆ ಮುಂಬಯಿಯ ಹೈಕೋರ್ಟಿನಲ್ಲಿ ಇನ್ನೊಂದು ವ್ಯಾಜ್ಯ ನಡೆಯುತ್ತಿತ್ತು. ರಖಮಾಬಾಯಿ ಎಂಬ ತರುಣಿಗೆ ಹನ್ನೊಂದನೆಯ ವಯಸ್ಸಿನಲ್ಲಿ ದಾದಾಜಿ ಭಿಕಾಜಿ ಎಂಬವನೊಡನೆ ಮದುವೆಯಾಗಿತ್ತು. ಆಕೆ ಮಲತಂದೆ ಡಾ. ಸಖಾರಾಮ ಅರ್ಜುನರ ಮನೆಯಲ್ಲಿಯೇ ಬೆಳೆದು ಓದಿದಳು, ಗಂಡನ ಮನೆಗೆ ಹೋಗಲು ಒಪ್ಪಲಿಲ್ಲ. 1884ರಲ್ಲಿ ದಾದಾಜಿ ದಾವೆ ಹೂಡಿದ. ಮರುವರ್ಷ ನ್ಯಾಯಮೂರ್ತಿ ಪಿನ್ಹೆ ಆಕೆಯ ಪರವಾಗಿ ತೀರ್ಪು ಕೊಟ್ಟರು. ಮೇಲ್ಮನವಿಯಲ್ಲಿ ಅದು ತಿರುಗಿಬಿತ್ತು. 1887ರ ಮಾರ್ಚಿಯಲ್ಲಿ ನ್ಯಾಯಮೂರ್ತಿ ಫ್ಯಾರನ್ ಅವರು, ಗಂಡನ ಮನೆಗೆ ಹೋಗಬೇಕು, ಇಲ್ಲವೇ ಆರು ತಿಂಗಳ ಸೆರೆವಾಸಕ್ಕೆ ಸಿದ್ಧಳಾಗಬೇಕು ಎಂದರು. ಸೆರೆಮನೆಯೇ ಆದೀತು ಎಂದಳು ರಖಮಾಬಾಯಿ. ಕೊನೆಗೆ 1888ರಲ್ಲಿ ಎರಡು ಸಾವಿರ ರೂಪಾಯಿ ಪಡೆದು ದಾದಾಜಿ ರಾಜಿಯಾದ.

ಈ ವ್ಯಾಜ್ಯವೂ ಇರಾದೆಗಳ ಜಗಳವೇ ಆಯಿತು. ‘ಕೇಸರಿ’ ಮತ್ತು ಅದರ ಇಂಗ್ಲಿಷ್ ಜೊತೆಗಾರ ‘ಮರಾಠಾ’ ಆಕೆಯ ವಿರುದ್ಧ ನಿಂತವು. ‘ಟೈಮ್ಸ್ ಆಫ್ ಇಂಡಿಯಾ’ ಆಕೆಯ ಪರ ನಿಂತಿತು. ಇದೆಲ್ಲ ಆಕೆಯ ಆಸ್ತಿಯನ್ನು ಉಳಿಸಿಕೊಳ್ಳಲು ತಾಯಿಯ ಕಡೆಯವರು ಹೂಡಿದ ಆಟ ಎಂದು ದಾದಾಜಿ ಒಂದು ಕಿರುಹೊತ್ತಿಗೆಯನ್ನೇ ಅಚ್ಚುಹಾಕಿಸಿದ. ರಖಮಾಬಾಯಿ ಪತ್ರಿಕೆಯ ಮೂಲಕ ಅದಕ್ಕೆ ಉತ್ತರ ಕೊಟ್ಟಳು. 1885ರಲ್ಲಿ ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ‘ಒಬ್ಬ ಹಿಂದೂ ಮಹಿಳೆ’ ಎಂಬ ಮರೆಹೆಸರಿನಲ್ಲಿ ಬಾಲ್ಯವಿವಾಹದ ಬಗ್ಗೆ ಬಂದ ಪತ್ರಗಳನ್ನು ಬರೆದವಳೂ ಆಕೆಯೇ. ಆ ಇಡೀ ದಶಕದ ಪತ್ರಿಕಾ ವಾಗ್ವಾದದಲ್ಲಿ ಬಾಲವಧುವಾಗಿದ್ದವಳೊಬ್ಬಳು ತನ್ನ ಬಾಯಿಂದಲೇ ಮಾತನಾಡಿದ ಅಪರೂಪದ ಸಂದರ್ಭವದು. ಅದೂ ಮರೆಹೆಸರಿನಲ್ಲಿ, ಇಂಗ್ಲಿಷರ ಪತ್ರಿಕೆಯಲ್ಲಿ.

1890ರಲ್ಲಿ ಕಲ್ಕತ್ತೆಯಿಂದ ಬಂದ ಸುದ್ದಿ ಎಲ್ಲರನ್ನೂ ಬೆಚ್ಚಿಬೀಳಿಸಿತು. ಹತ್ತು ದಾಟಿ ಹನ್ನೊಂದರ ಆಸುಪಾಸಿನಲ್ಲಿದ್ದ ಫೂಲ್‌ಮಣಿ ದಾಸಿ ಎಂಬ ಹುಡುಗಿ ಗಂಡನ ಮನೆಯಲ್ಲಿ, ಅವನ ಬಲಾತ್ಕಾರದಿಂದಾದ ಗಾಯಗಳಿಂದ ಸತ್ತಳು. ಗಂಡ ಹರಿಮೋಹನ ಮೈತಿ ಅವಳಿಗಿಂತ ಎಷ್ಟೋ ವರ್ಷ ದೊಡ್ಡವನು. ಹುಡುಗಿಗೆ ಹತ್ತು ತುಂಬಿದ್ದರಿಂದ ಅತ್ಯಾಚಾರದ ಆರೋಪ ನಿಲ್ಲಲಿಲ್ಲ. ಅಜಾಗರೂಕತೆಯಿಂದ ತೀವ್ರ ಗಾಯ ಮಾಡಿದನೆಂದು ಒಂದು ವರ್ಷದ ಕಠಿಣ ಸಜೆಯಾಯಿತು. ಇಂಥ ಪ್ರಕರಣಗಳನ್ನು ಕಣ್ಣಾರೆ ಕಂಡಿದ್ದ ಐವತ್ತಕ್ಕೂ ಹೆಚ್ಚು ವೈದ್ಯೆಯರು ಸರ್ಕಾರಕ್ಕೆ ಮನವಿ ಸಲ್ಲಿಸಿದರು. ಸ್ಕೋಬಲ್ ತಂದ ಮಸೂದೆಯ ಹಿನ್ನೆಲೆ ಇದು.

ಆ ಹೊತ್ತಿಗೆ ಸರ್ಕಾರಕ್ಕೂ ದೇಶಭಾಷೆಯ ಪತ್ರಿಕೆಗಳಿಗೂ ನಡುವೆ ನಂಬಿಕೆಯೆಂಬುದು ಉಳಿದಿರಲಿಲ್ಲ. 1878ರಲ್ಲಿ ಲಾರ್ಡ್ ಲಿಟನ್ ದೇಶಭಾಷಾ ಪತ್ರಿಕೆಗಳ ಬಾಯಿ ಕಟ್ಟುವ ಕಾನೂನು ತಂದಿದ್ದ. ಅದರಿಂದ ತಪ್ಪಿಸಿಕೊಳ್ಳಲು ಕಲ್ಕತ್ತೆಯ ‘ಅಮೃತ ಬಜಾರ್ ಪತ್ರಿಕಾ’ ರಾತ್ರೋರಾತ್ರಿ ಇಂಗ್ಲಿಷಿಗೆ ಬದಲಾದ ಕಥೆ ಪ್ರಸಿದ್ಧವಾಗಿದೆ. ಲಾರ್ಡ್ ರಿಪ್ಪನ್ ಆ ಕಾನೂನನ್ನು ತೆಗೆದುಹಾಕಿದರೂ ಗಾಯ ಮಾಯಲಿಲ್ಲ. 1883ರಲ್ಲಿ, ಭಾರತೀಯ ನ್ಯಾಯಾಧೀಶರು ಬಿಳಿಯರ ವಿಚಾರಣೆ ನಡೆಸಬಹುದೆಂಬ ಇಲ್ಬರ್ಟ್ ಮಸೂದೆ ಬಂದಾಗ ಕಲ್ಕತ್ತೆಯ ‘ಇಂಗ್ಲಿಷ್‌ಮನ್’ ಮೊದಲಾದ ಪತ್ರಿಕೆಗಳು ಭಾರತೀಯರ ಬಗ್ಗೆ ಆಡಿದ ಮಾತುಗಳು ಯಾರಿಗೂ ಮರೆತಿರಲಿಲ್ಲ. ಆಗ ನಮ್ಮನ್ನು ನ್ಯಾಯಪೀಠಕ್ಕೆ ಅಯೋಗ್ಯರೆಂದವರಿಗೆ ಈಗ ನಮ್ಮ ಹೆಣ್ಣುಮಕ್ಕಳ ಮೇಲೆ ಇದ್ದಕ್ಕಿದ್ದಂತೆ ಕನಿಕರ ಉಕ್ಕಿತೇ ಎಂದು ಜನ ಕೇಳಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಇಂಗ್ಲೆಂಡಿನ ಉದಾಹರಣೆಯೂ ಈ ಶಂಕೆಯನ್ನು ಕಳೆಯುವಂತಿರಲಿಲ್ಲ. ಅಲ್ಲಿ ಸಮ್ಮತಿ ವಯಸ್ಸು ಹದಿಮೂರರಿಂದ ಹದಿನಾರಕ್ಕೆ ಏರಿದ್ದು 1885ರಲ್ಲಿ, ಅದೂ ‘ಪಾಲ್ ಮಾಲ್ ಗೆಜೆಟ್’ ಸಂಪಾದಕ ಡಬ್ಲ್ಯು. ಟಿ. ಸ್ಟೆಡ್ ಲಂಡನ್ನಿನಲ್ಲಿ ಎಳೆಯ ಹುಡುಗಿಯರ ಮಾರಾಟ ನಡೆಯುತ್ತಿದೆಯೆಂದು ಲೇಖನಮಾಲೆಯನ್ನೇ ಬರೆದು ಊರೆಲ್ಲ ಗುಲ್ಲೆಬ್ಬಿಸಿದ ಮೇಲೆ. ಆ ವರದಿಗಾಗಿ ತಾನೇ ಒಬ್ಬ ಹುಡುಗಿಯನ್ನು ‘ಕೊಂಡು’ ತೋರಿಸಿದ ಸ್ಟೆಡ್ ಮೂರು ತಿಂಗಳು ಜೈಲು ಕಂಡ. ಇನ್ನು ಮದುವೆಯ ವಿಚಾರಕ್ಕೆ ಬಂದರೆ, ಇಂಗ್ಲೆಂಡಿನ ಸಾಮಾನ್ಯ ಕಾನೂನಿನಂತೆ ಹುಡುಗಿಗೆ ಹನ್ನೆರಡು ತುಂಬಿದರೆ ಮದುವೆ ಸಿಂಧುವಾಗುತ್ತಿತ್ತು. ಆ ಕಾನೂನು ಬದಲಾದದ್ದು 1929ರಲ್ಲಿ.

ಪುಣೆಯಲ್ಲಿ ಜಗಳ ಮನೆಮನೆಯ ಜಗಳವಾಯಿತು. ಒಂದು ಕಡೆ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ, ಸಂಸ್ಕೃತ ವಿದ್ವಾಂಸ ರಾಮಕೃಷ್ಣ ಗೋಪಾಲ ಭಂಡಾರಕರ್, ‘ಸುಧಾರಕ’ ಪತ್ರಿಕೆಯ ಗೋಪಾಲ ಗಣೇಶ ಅಗರಕರ್. ಇನ್ನೊಂದು ಕಡೆ ‘ಕೇಸರಿ’ಯ ಬಾಲ ಗಂಗಾಧರ ತಿಲಕ್. ಅಗರಕರ್ ಮತ್ತು ತಿಲಕ್ ಕಾಲೇಜು ದಿನಗಳ ಗೆಳೆಯರು. ‘ಕೇಸರಿ’ ಆರಂಭವಾದ 1881ರಿಂದ ಅದರ ಸಂಪಾದಕರಾಗಿದ್ದವರು ಅಗರಕರ್. ಕೊಲ್ಹಾಪುರದ ದಿವಾನರ ಮೇಲೆ ಬರೆದದ್ದಕ್ಕಾಗಿ ಇಬ್ಬರೂ 1882ರಲ್ಲಿ ಡೋಂಗರಿ ಜೈಲಿನಲ್ಲಿ 101 ದಿನ ಜೊತೆಯಲ್ಲಿ ಕಳೆದವರು. ಸಮಾಜ ಸುಧಾರಣೆಯ ವಿಚಾರದಲ್ಲಿ ಹೊಂದಿಕೆಯಾಗದೆ ಅಗರಕರ್ ಹೊರಬಿದ್ದು 1888ರಲ್ಲಿ ‘ಸುಧಾರಕ’ವನ್ನು ಆರಂಭಿಸಿದರು. ಹಳೆಯ ಗೆಳೆಯನ ಮನಸ್ಸಿನೊಳಗೇನಿದೆಯೆಂದು ತನಗೆ ಗೊತ್ತು ಎಂಬ ಭಾವನೆ ಇಬ್ಬರ ಬರವಣಿಗೆಗೂ ವಿಶೇಷ ಕಹಿಯನ್ನು ತಂದಿತು.

ತಿಲಕರ ವಾದಕ್ಕೆ ಎರಡು ಕಾಲುಗಳಿದ್ದವು. ಮೊದಲನೆಯದು, ಪರದೇಶಿ ಸರ್ಕಾರಕ್ಕೆ ನಮ್ಮ ಮನೆಯೊಳಗೆ ಕೈಹಾಕುವ ಅಧಿಕಾರವಿಲ್ಲ, ಸುಧಾರಣೆ ಶಿಕ್ಷಣದಿಂದ ಒಳಗಿನಿಂದಲೇ ಬರಬೇಕು ಎಂಬುದು. 1858ರ ರಾಣಿಯ ಘೋಷಣೆಯಲ್ಲಿ ಧರ್ಮದ ವಿಷಯಕ್ಕೆ ತಲೆಹಾಕುವುದಿಲ್ಲವೆಂಬ ಭರವಸೆ ಇದ್ದದ್ದು ಇದಕ್ಕೆ ಒತ್ತಾಸೆಯಾಯಿತು. ಎರಡನೆಯದು ಶಾಸ್ತ್ರದ್ದು. ಹುಡುಗಿ ಮೈನೆರೆದ ಕೂಡಲೇ ಗರ್ಭಾಧಾನ ಸಂಸ್ಕಾರ ನಡೆಯಬೇಕು, ಅದು ಹನ್ನೆರಡಕ್ಕೆ ಮುಂಚೆಯೂ ಆಗಬಹುದು, ಆದ್ದರಿಂದ ಮಸೂದೆ ಧರ್ಮಕ್ಕೆ ಅಡ್ಡಿ ಎಂಬುದು. ಭಂಡಾರಕರರು ಧರ್ಮಶಾಸ್ತ್ರಗಳನ್ನೆಲ್ಲ ಜಾಲಾಡಿ ಅಂಥ ಕಡ್ಡಾಯವೇನೂ ಇಲ್ಲವೆಂದು ಟಿಪ್ಪಣಿ ಬರೆದರೆ ತಿಲಕರು ಅದಕ್ಕೆ ಉತ್ತರ ಬರೆದರು. ಈ ಎರಡು ಕಾಲುಗಳು ಒಂದೇ ದಿಕ್ಕಿಗೆ ನಡೆಯುವಂಥವಲ್ಲ. ಮೊದಲನೆಯದನ್ನು ಒಪ್ಪಿದರೆ ಸುಧಾರಣೆ ಬೇಕು, ಆದರೆ ಸರ್ಕಾರದಿಂದ ಬೇಡ ಎಂದಾಗುತ್ತದೆ. ಎರಡನೆಯದನ್ನು ಒಪ್ಪಿದರೆ ಸುಧಾರಣೆಯೇ ಬೇಡ ಎಂದಾಗುತ್ತದೆ. ಓದುಗರು ಅವರವರಿಗೆ ಬೇಕಾದ ಕಾಲನ್ನು ಹಿಡಿದುಕೊಂಡರು.

ಅದಕ್ಕಿಂತ ಕುತೂಹಲದ ಸಂಗತಿ ಇನ್ನೊಂದಿದೆ. ಮಸೂದೆ ಬರುವುದಕ್ಕೆ ಕೆಲವೇ ತಿಂಗಳ ಮೊದಲು, 1890ರಲ್ಲಿ, ತಿಲಕರೇ ಸುಧಾರಕರ ಮುಂದೆ ಒಂದು ಪ್ರತಿಸಲಹೆ ಇಟ್ಟಿದ್ದರು. ಹುಡುಗಿಯರಿಗೆ ಹದಿನಾರಕ್ಕೆ ಮುಂಚೆ, ಹುಡುಗರಿಗೆ ಇಪ್ಪತ್ತಕ್ಕೆ ಮುಂಚೆ ಮದುವೆ ಮಾಡಬಾರದು. ನಲವತ್ತು ದಾಟಿದ ಗಂಡಸು ಮತ್ತೆ ಮದುವೆಯಾಗುವುದಾದರೆ ವಿಧವೆಯನ್ನೇ ಆಗಬೇಕು. ವರದಕ್ಷಿಣೆ ಕೂಡದು, ವಿಧವೆಯ ತಲೆ ಬೋಳಿಸಕೂಡದು. ಈ ಕಟ್ಟಳೆಗೆ ಸುಧಾರಕರು ಸ್ವಂತವಾಗಿ ರುಜು ಹಾಕಲಿ, ತಪ್ಪಿದವರಿಗೆ ಶಿಕ್ಷೆಯಾಗಲಿ ಎಂಬುದು ಅವರ ಸವಾಲು. ಸರ್ಕಾರದ ಹನ್ನೆರಡಕ್ಕಿಂತ ತಿಲಕರ ಹದಿನಾರು ಎಷ್ಟೋ ಮುಂದಿತ್ತು. ಯಾರೂ ರುಜು ಹಾಕುವುದಿಲ್ಲವೆಂದು ಗೊತ್ತಿದ್ದೇ ಹೂಡಿದ ತಂತ್ರವಿದು ಎಂದು ಎದುರು ಪಕ್ಷದವರು ಭಾವಿಸಿದರು. ನೋಡಿ, ಇವರಿಗೆ ಪರರ ಮನೆಯ ಸುಧಾರಣೆ ಬೇಕು, ಸ್ವಂತ ಮನೆಯದಲ್ಲ ಎಂದು ತಿಲಕರ ಬೆಂಬಲಿಗರು ಹೇಳಿದರು. ಎರಡೂ ನಂಬತಕ್ಕ ಮಾತುಗಳೇ. ತಿಲಕರ ಜೀವನಚರಿತ್ರೆಕಾರರಿಗೂ ಇತಿಹಾಸಕಾರರಿಗೂ ಈ ಪ್ರಶ್ನೆಯಲ್ಲಿ ಇಂದಿಗೂ ಒಮ್ಮತವಿಲ್ಲ. ಒಬ್ಬರಿಗೆ ಅವರು ಪರಕೀಯ ಆಡಳಿತದ ವಿರುದ್ಧ ಜನರನ್ನು ಒಗ್ಗೂಡಿಸುತ್ತಿದ್ದ ರಾಜಕಾರಣಿ, ಇನ್ನೊಬ್ಬರಿಗೆ ಮನಸಾರೆ ಸಂಪ್ರದಾಯವಾದಿ.

ರಾನಡೆಯವರ ಮೇಲೆ ಎತ್ತಬಹುದಾದ ಆಕ್ಷೇಪಣೆಯೂ ಹುರುಳಿಲ್ಲದ್ದಾಗಿರಲಿಲ್ಲ. ವಿಧವಾ ವಿವಾಹದ ದೊಡ್ಡ ಪ್ರತಿಪಾದಕರಾಗಿದ್ದ ಅವರು 1873ರಲ್ಲಿ ಮೊದಲ ಹೆಂಡತಿ ತೀರಿಕೊಂಡಾಗ, ತಂದೆಯ ಒತ್ತಾಯಕ್ಕೆ ಮಣಿದು ಹನ್ನೊಂದು ವರ್ಷದ ಹುಡುಗಿಯನ್ನು ಮದುವೆಯಾಗಿದ್ದರು. ಆಗ ಅವರಿಗೆ ಮೂವತ್ತೊಂದು. ‘ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ’ ಎಂದು ಆಡಿಕೊಳ್ಳುವವರಿಗೆ ಇಷ್ಟು ಸಾಕು. ಆ ಹುಡುಗಿಯೇ ಮುಂದೆ ಗಂಡನಿಂದ ಓದು ಕಲಿತು, ಪುಣೆಯ ಸೇವಾಸದನವನ್ನು ಬೆಳೆಸಿದ ರಮಾಬಾಯಿ ರಾನಡೆ. ಅದು ಬೇರೆ ಮಾತು.

ಇದೇ ಸಮಯದಲ್ಲಿ ನಡೆದ ಚಹಾದ ಪ್ರಸಂಗವಂತೂ ಒಳ್ಳೆಯ ಪ್ರಹಸನ. 1890ರಲ್ಲಿ ಪುಣೆಯ ಪಂಚ ಹೌದ್ ಮಿಷನ್ನಿನಲ್ಲಿ ಒಂದು ಉಪನ್ಯಾಸ ಏರ್ಪಾಡಾಯಿತು. ಊರಿನ ಗಣ್ಯರು ಬಂದರು. ಉಪನ್ಯಾಸವಾದ ಮೇಲೆ ಪಾದ್ರಿಗಳು ಚಹಾ, ಬಿಸ್ಕತ್ತು ಮುಂದಿಟ್ಟರು. ಕೆಲವರು ಕುಡಿದರು, ಕೆಲವರು ಮುಟ್ಟಿ ಬಿಟ್ಟರು. ಕೆಲವು ದಿನಗಳಲ್ಲಿ ‘ಪುಣೆ ವೈಭವ’ ಪತ್ರಿಕೆಯಲ್ಲಿ ಅತಿಥಿಗಳ ಹೆಸರಿನ ಪಟ್ಟಿಯೇ ಅಚ್ಚಾಯಿತು. ಪಟ್ಟಿ ಕೊಟ್ಟವರು ಗೋಪಾಲರಾವ್ ಜೋಶಿ, ಅಮೆರಿಕದಲ್ಲಿ ವೈದ್ಯಕೀಯ ಓದಿ ಬಂದು ಎಳೆಯ ವಯಸ್ಸಿನಲ್ಲೇ ತೀರಿಕೊಂಡ ಡಾ. ಆನಂದಿಬಾಯಿಯ ಗಂಡ. ಸುಧಾರಕರ ಮತ್ತು ಸನಾತನಿಗಳ ಇಬ್ಬರ ಬಣ್ಣವನ್ನೂ ಬಯಲು ಮಾಡುವುದು ಈ ವಿಚಿತ್ರ ಮನುಷ್ಯನಿಗೆ ಪ್ರಿಯವಾದ ಕೆಲಸ. ಪಟ್ಟಿಯಲ್ಲಿ ರಾನಡೆಯವರ ಹೆಸರಿತ್ತು, ತಿಲಕರ ಹೆಸರೂ ಇತ್ತು! ದೂರು ಶಂಕರಾಚಾರ್ಯರವರೆಗೆ ಹೋಯಿತು, ವಿಚಾರಣೆ ನಡೆಯಿತು. ಕಾಶಿಯಲ್ಲಿ ಪ್ರಾಯಶ್ಚಿತ್ತ ಮಾಡಿಕೊಂಡಿದ್ದೇನೆಂದು ತಿಲಕರು ಹೇಳಿದರು. ರಾನಡೆಯವರೂ ಕೊನೆಗೆ ಪ್ರಾಯಶ್ಚಿತ್ತ ಮಾಡಿಕೊಂಡು ಶಿಷ್ಯರಿಗೆ ನಿರಾಶೆ ಉಂಟುಮಾಡಿದರು. ಹೀಗೆ, ಸಂಪ್ರದಾಯದ ಪರ ವಾದಿಸುತ್ತಿದ್ದ ತಿಲಕರು ಸಂಪ್ರದಾಯಸ್ಥರ ಕಟಕಟೆಯಲ್ಲಿ ನಿಂತಿದ್ದರು, ಸುಧಾರಣೆಯ ಪರ ವಾದಿಸುತ್ತಿದ್ದ ರಾನಡೆಯವರು ಪಂಚಗವ್ಯಕ್ಕೆ ಕೈಯೊಡ್ಡುವಂತಾಯಿತು. ಯಾರ ಇರಾದೆ ಏನೆಂದು ತೂಗಿ ನೋಡಲು ಹೊರಟ ಪತ್ರಿಕೆಗಳ ತಕ್ಕಡಿ ಎಷ್ಟು ನಂಬಿಕೆಗೆ ಅರ್ಹವಾಗಿತ್ತು ಎಂಬುದಕ್ಕೆ ಇದೊಂದೇ ಪ್ರಸಂಗ ಸಾಕು.

ಅಗರಕರರಿಗೆ ಬಂದ ಪಾಡು ಪ್ರಹಸನವಾಗಿರಲಿಲ್ಲ. ಜೀವಂತವಿದ್ದ ಅವರ ಅಣಕು ಶವಯಾತ್ರೆಯನ್ನು ಪುಣೆಯ ಬೀದಿಯಲ್ಲಿ ಮಾಡಲಾಯಿತು. ಮಸೂದೆಯನ್ನು ಬೆಂಬಲಿಸಿ ಕರೆದ ಸಭೆಗೆ ವಿರೋಧಿಗಳು ನುಗ್ಗಿ ಗಲಾಟೆ ಎಬ್ಬಿಸಿದರು. ಅಗರಕರ್ 1895ರಲ್ಲಿ, ನಲವತ್ತು ತುಂಬುವ ಮುನ್ನವೇ ತೀರಿಕೊಂಡರು.

ಬಂಗಾಳದಲ್ಲಿ ವಿರೋಧದ ಮುಂಚೂಣಿಯಲ್ಲಿದ್ದದ್ದು ‘ಬಂಗಬಾಸಿ’ ವಾರಪತ್ರಿಕೆ. ಕಲ್ಕತ್ತೆಯ ಮೈದಾನದಲ್ಲಿ ಭಾರಿ ಸಭೆ, ಕಾಳಿಘಾಟಿನಲ್ಲಿ ಮಹಾಪೂಜೆ ನಡೆದವು. ಸುದ್ದಿಗೆ ಎಷ್ಟು ಬೇಡಿಕೆ ಬಂತೆಂದರೆ ‘ಅಮೃತ ಬಜಾರ್ ಪತ್ರಿಕಾ’ ದಿನಪತ್ರಿಕೆಯಾದದ್ದು ಇದೇ 1891ರ ಆರಂಭದಲ್ಲಿ. ಆವೇಶದ ಬರವಣಿಗೆಗೆ ಕೊಳ್ಳುವವರಿದ್ದಾರೆ ಎಂಬುದನ್ನು ಪತ್ರಿಕೆ ನಡೆಸುವವರು ಅಂದೇ ಕಂಡುಕೊಂಡಿದ್ದರು. ಸರ್ಕಾರ ಹಿಂದೂ ಧರ್ಮವನ್ನು ಬುಡಸಹಿತ ಕೀಳಲು ಹೊರಟಿದೆ ಎಂದು ‘ಬಂಗಬಾಸಿ’ ಬರೆಯಿತು. ಮಸೂದೆ ಕಾಯಿದೆಯಾದ ಮೇಲೂ ಬರೆಯುವುದನ್ನು ನಿಲ್ಲಿಸಲಿಲ್ಲ. ಆಗ ಸರ್ಕಾರ ಪತ್ರಿಕೆಯ ಒಡೆಯ ಜೋಗೇಂದ್ರಚಂದ್ರ ಬೋಸ್ ಮತ್ತು ಇತರ ಮೂವರ ಮೇಲೆ, ದಂಡ ಸಂಹಿತೆಗೆ 1870ರಲ್ಲಿ ಸೇರಿದ್ದ 124-ಎ ಕಲಮಿನಡಿ ರಾಜದ್ರೋಹದ ಮೊಕದ್ದಮೆ ಹೂಡಿತು. ಆ ಕಲಮಿನಡಿ ನಡೆದ ಮೊದಲ ವಿಚಾರಣೆ ಇದೇ.

ಮುಖ್ಯ ನ್ಯಾಯಾಧೀಶ ಸರ್ ಕೋಮರ್ ಪೆಥೆರಮ್ ಜ್ಯೂರಿಗೆ ಕಾನೂನನ್ನು ವಿವರಿಸುತ್ತ, ಸರ್ಕಾರದ ಕ್ರಮವನ್ನು ಒಪ್ಪದಿರುವುದು ಬೇರೆ, ಸರ್ಕಾರದ ಬಗ್ಗೆ ಜನರಲ್ಲಿ ಅಪ್ರೀತಿ ಹುಟ್ಟಿಸುವುದು ಬೇರೆ ಎಂದರು. ಅಪ್ರೀತಿಯೆಂದರೆ ಪ್ರೀತಿಗೆ ವಿರುದ್ಧವಾದ ಭಾವನೆ, ದ್ವೇಷ ಅಥವಾ ತಿರಸ್ಕಾರ ಎಂಬುದು ಅವರ ಅರ್ಥ. ಕಾನೂನನ್ನು ಟೀಕಿಸಬಹುದು, ಅದನ್ನು ಮಾಡಿದವರ ಅಂತರಂಗವನ್ನು ಶಂಕಿಸಿ ಬರೆದರೆ ಅಪರಾಧಕ್ಕೆ ಹತ್ತಿರವಾದೀತು ಎಂದು ಇದರಿಂದ ಹೊರಡುವ ತಾತ್ಪರ್ಯ. ಜ್ಯೂರಿಯಲ್ಲಿ ಒಮ್ಮತ ಬರಲಿಲ್ಲ, ಬಹುಮತದ ತೀರ್ಪನ್ನು ಪೆಥೆರಮ್ ಒಪ್ಪಲಿಲ್ಲ. ಪತ್ರಿಕೆಯವರು ಕ್ಷಮೆ ಕೇಳಿದ ಮೇಲೆ ಮೊಕದ್ದಮೆ ಕೈಬಿಡಲಾಯಿತು. ಆದರೆ ಆ ಅರ್ಥವಿವರಣೆ ಸಾಯಲಿಲ್ಲ. 1897ರಲ್ಲಿ ತಿಲಕರ ಮೇಲೆಯೇ ರಾಜದ್ರೋಹದ ವಿಚಾರಣೆ ನಡೆದಾಗ ನ್ಯಾಯಮೂರ್ತಿ ಸ್ಟ್ರೇಚಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಪ್ರೀತಿಯೆಂದರೆ ಪ್ರೀತಿ ಇಲ್ಲದಿರುವುದು ಎಂದುಬಿಟ್ಟರು. ತಿಲಕರಿಗೆ ಹದಿನೆಂಟು ತಿಂಗಳ ಸಜೆಯಾಯಿತು. ಹೆಣ್ಣುಮಕ್ಕಳ ರಕ್ಷಣೆಯ ಕಾನೂನಿನ ಗಲಾಟೆಯಲ್ಲಿ ಮಸೆದ ಕತ್ತಿ ಸ್ವಾತಂತ್ರ್ಯ ಚಳವಳಿಯ ಪತ್ರಿಕೆಗಳ ಮೇಲೆ ಬಿತ್ತು.

ಸರ್ಕಾರವಾದರೂ ದೇಶಭಾಷೆಯ ಪತ್ರಿಕೆಗಳನ್ನು ಓದುತ್ತಿದ್ದ ರೀತಿ ಹೇಗೆ? ಪ್ರತಿ ಪ್ರಾಂತದಲ್ಲೂ ಸರ್ಕಾರಿ ಭಾಷಾಂತರಕಾರರು ವಾರವಾರವೂ ಪತ್ರಿಕೆಗಳಿಂದ ಆಯ್ದ ಭಾಗಗಳನ್ನು ಇಂಗ್ಲಿಷಿಗೆ ಸಂಗ್ರಹಿಸಿ ಗೋಪ್ಯ ವರದಿ ಸಿದ್ಧಪಡಿಸುತ್ತಿದ್ದರು. ಮರಾಠಿ, ಗುಜರಾತಿ, ಬಂಗಾಳಿಯಂತೆ ಕನ್ನಡ ಪತ್ರಿಕೆಗಳೂ ಈ ಜರಡಿಯಲ್ಲಿ ಸೋಸಲ್ಪಡುತ್ತಿದ್ದವು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿ ಪ್ರಾಂತದಲ್ಲೂ ಮಂಗಳೂರು, ಬಳ್ಳಾರಿಗಳು ಮದ್ರಾಸು ಪ್ರಾಂತದಲ್ಲೂ ಇದ್ದುದರಿಂದ 1891ರ ಕಾಯಿದೆ ಅಲ್ಲಿನ ಕನ್ನಡಿಗರಿಗೂ ನೇರವಾಗಿ ಅನ್ವಯಿಸುತ್ತಿತ್ತು. ಆಡಳಿತಗಾರರ ಕಣ್ಣಿಗೆ ಬೀಳಬೇಕಾದದ್ದು ರಾಜನಿಷ್ಠೆಗೆ ಕುಂದು ತರುವ ಮಾತು. ಹೀಗಾಗಿ ಬಿಸಿಬಿಸಿಯಾದ ಸಾಲುಗಳು ವರದಿಗೆ ಹತ್ತುವುದು, ತಣ್ಣಗೆ ಸಾಧಕಬಾಧಕ ಬರೆದವು ಹಿಂದುಳಿಯುವುದು ಸಹಜ. ಇಂದಿನ ಸಂಶೋಧಕರಿಗೂ ಅನೇಕ ಪತ್ರಿಕೆಗಳ ಮೂಲ ಸಂಚಿಕೆಗಳು ಸಿಗದೆ ಈ ವರದಿಗಳೇ ಆಧಾರ. ಪತ್ರಿಕೆಗಳ ಪಕ್ಷಪಾತವನ್ನು ಅಳೆಯಲು ಹೋದವರು ವರದಿಗಾರನ ಪಕ್ಷಪಾತವನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

1891ರ ಮಾರ್ಚ್ 19ರಂದು ಮಸೂದೆ ಅಂಗೀಕಾರವಾಯಿತು. ವಿರೋಧದ ಬಿಸಿ ಸರ್ಕಾರಕ್ಕೂ ತಟ್ಟಿತ್ತು. ಗಂಡನೇ ಆರೋಪಿಯಾದ ಪ್ರಕರಣಗಳಲ್ಲಿ ಜಿಲ್ಲಾ ಮ್ಯಾಜಿಸ್ಟ್ರೇಟರ ಮಟ್ಟದವರೇ ದೂರನ್ನು ಪರಿಗಣಿಸಬೇಕು, ಇನ್‌ಸ್ಪೆಕ್ಟರಿಗಿಂತ ಕೆಳಗಿನ ಪೊಲೀಸರು ತನಿಖೆಗೆ ಕೈಹಾಕಬಾರದು ಎಂದು ಬಿಗಿಮಾಡಲಾಯಿತು. ಪೊಲೀಸರು ಮನೆಗೆ ನುಗ್ಗುತ್ತಾರೆಂಬ ಭಯವನ್ನು ಹೋಗಲಾಡಿಸಲು ಇದು ಬೇಕಿತ್ತೇನೋ. ಆದರೆ ಮನೆಯೊಳಗಿನ ಹತ್ತು ವರ್ಷದ ಹುಡುಗಿ ಜಿಲ್ಲಾ ಮ್ಯಾಜಿಸ್ಟ್ರೇಟರ ಬಾಗಿಲಿಗೆ ಹೋಗುವುದೆಂತು? ಕಾಯಿದೆಯಡಿ ದಾಖಲಾದ ಮೊಕದ್ದಮೆಗಳು ವಿರಳ. 1928-29ರಲ್ಲಿ ಸರ್ ಮೋರೋಪಂತ ಜೋಶಿಯವರ ಅಧ್ಯಕ್ಷತೆಯ ಸಮಿತಿ ದೇಶವನ್ನೆಲ್ಲ ಸುತ್ತಿದಾಗ, ಇಂಥದೊಂದು ಕಾಯಿದೆ ಇದೆಯೆಂಬುದೇ ಎಷ್ಟೋ ಜನಕ್ಕೆ ತಿಳಿದಿರಲಿಲ್ಲ. ಹಿಂದೂ ಧರ್ಮದ ಬುಡ ಕೀಳುತ್ತದೆಂದು ಒಂದು ಪಕ್ಷದ ಪತ್ರಿಕೆಗಳು, ಹೆಣ್ಣುಮಕ್ಕಳನ್ನು ಉದ್ಧರಿಸುತ್ತದೆಂದು ಇನ್ನೊಂದು ಪಕ್ಷದವು ಬರೆದ ಕಾಯಿದೆ ಕಪಾಟಿನಲ್ಲಿ ಕುಳಿತಿತ್ತು.

ಪರದೇಶಿ ಸರ್ಕಾರ ಎಂಬ ಆಕ್ಷೇಪಣೆ ಅನ್ವಯವಾಗದ ಕಡೆ ಏನಾದೀತು ಎಂಬುದನ್ನು ನೋಡಲು ಹೆಚ್ಚು ದೂರ ಹೋಗಬೇಕಾಗಿಲ್ಲ. ಮೈಸೂರು ಸಂಸ್ಥಾನದಲ್ಲಿ ಹತ್ತನೇ ಚಾಮರಾಜೇಂದ್ರ ಒಡೆಯರ ಆಳ್ವಿಕೆ, ದಿವಾನರು ಕೆ. ಶೇಷಾದ್ರಿ ಅಯ್ಯರ್. ಇಲ್ಲಿನ ಸರ್ಕಾರ 1894ರಲ್ಲಿ ಬಾಲ್ಯವಿವಾಹ ಪ್ರತಿಬಂಧಕ ರೆಗ್ಯುಲೇಷನ್ ತಂದಿತು. ಎಂಟು ವರ್ಷದೊಳಗಿನ ಹುಡುಗಿಯ ಮದುವೆ ನಿಷಿದ್ಧ, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗುವುದೂ ನಿಷಿದ್ಧ. ಬ್ರಿಟಿಷ್ ಇಂಡಿಯಾ ಮದುವೆಯ ವಯಸ್ಸನ್ನು ಮುಟ್ಟಲು ಅಂಜುತ್ತಿದ್ದಾಗ ಹಿಂದೂ ರಾಜನೊಬ್ಬ ಅದನ್ನು ಮುಟ್ಟಿದ್ದ. ಹಾಗೆಂದು ವಿರೋಧ ಇರಲಿಲ್ಲವೇ? ಇತ್ತು. ಪ್ರಜಾಪ್ರತಿನಿಧಿ ಸಭೆಯಲ್ಲಿಯೂ ಆಕ್ಷೇಪಣೆಗಳು ಬಂದವು. ದೊರೆ ನಮ್ಮವನೇ ಆಗಿದ್ದರಿಂದ ಶಾಸ್ತ್ರದ ವಾದವೊಂದೇ ಉಳಿಯಿತು. ತಿಲಕರ ಎರಡು ಕಾಲುಗಳಲ್ಲಿ ಮೊದಲನೆಯದನ್ನು ತೆಗೆದುಹಾಕಿದರೂ ಎರಡನೆಯದು ಒಂಟಿಕಾಲಿನಲ್ಲಿಯೇ ನಿಲ್ಲಬಲ್ಲದು ಎಂಬುದನ್ನು ಮೈಸೂರು ತೋರಿಸಿತು. ಎಂಟು ಎಂಬುದು ಇಂದಿನ ಕಣ್ಣಿಗೆ ತೀರ ಅಲ್ಪವೆನಿಸೀತು. ಆದರೂ ಕಾನೂನು ಬಂತು, ನಿಂತಿತು. 1904ರಲ್ಲಿ ಬರೋಡ ಸಂಸ್ಥಾನ ಹುಡುಗಿಗೆ ಹನ್ನೆರಡು, ಹುಡುಗನಿಗೆ ಹದಿನಾರು ಎಂದು ಗೊತ್ತುಮಾಡಿತು.

ಮುಂದಿನ ಕಾನೂನುಗಳ ಹೊತ್ತಿಗೂ ಇರಾದೆಯ ಜಗಳ ತಪ್ಪಲಿಲ್ಲ. ಹರಬಿಲಾಸ ಶಾರದಾ ಬಾಲ್ಯವಿವಾಹ ತಡೆಯ ಮಸೂದೆಯನ್ನು ಮಂಡಿಸಿದ್ದು 1927ರ ಆರಂಭದಲ್ಲಿ. ಅದೇ ವರ್ಷ ಅಮೆರಿಕದ ಕ್ಯಾಥರೀನ್ ಮೇಯೋ ಬರೆದ ‘ಮದರ್ ಇಂಡಿಯಾ’ ಹೊರಬಂತು. ಭಾರತೀಯರು ಸ್ವರಾಜ್ಯಕ್ಕೆ ಅಯೋಗ್ಯರೆಂದು ತೋರಿಸಲು ಬಾಲವಧುಗಳ ಸಂಕಟವನ್ನು ಬಳಸಿಕೊಂಡ ಆ ಪುಸ್ತಕವನ್ನು ಗಾಂಧೀಜಿ ಚರಂಡಿ ತಪಾಸಣೆಯವಳ ವರದಿ ಎಂದು ಕರೆದರು. ಪುಸ್ತಕಕ್ಕಿಂತ ಮಸೂದೆಯೇ ಮೊದಲು ಬಂದದ್ದಾದರೂ, ಮೇಯೋಗೆ ಹೆದರಿ ಕಾನೂನು ಮಾಡುತ್ತಿದ್ದಾರೆ ಎಂಬ ಆರೋಪ ಅದಕ್ಕೆ ಅಂಟಿಕೊಂಡಿತು. 1929ರಲ್ಲಿ ಹುಡುಗಿಗೆ ಹದಿನಾಲ್ಕು, ಹುಡುಗನಿಗೆ ಹದಿನೆಂಟು ಎಂದು ಕಾಯಿದೆಯಾಯಿತು.

ಸ್ವಾತಂತ್ರ್ಯ ಬಂದ ಮೇಲೆ ಹಿಂದೂ ಸಂಹಿತೆಯ ಸರದಿ. ಅದರ ಮೊದಲ ಕರಡನ್ನು ಸಿದ್ಧಪಡಿಸಿದ ಸಮಿತಿಯ ಅಧ್ಯಕ್ಷರು ಮಂಗಳೂರಿನ ಬೆನಗಲ್ ನರಸಿಂಗ ರಾವ್. ಸಂಸತ್ತಿನಲ್ಲಿ ಅದನ್ನು ಹೊತ್ತು ನಡೆದವರು ಡಾ. ಅಂಬೇಡ್ಕರ್. ಗೋರಖಪುರದ ‘ಕಲ್ಯಾಣ’ದಂಥ ಪತ್ರಿಕೆಗಳು ಸಂಹಿತೆಯ ಕಲಮುಗಳ ಜೊತೆಗೆ ಅಂಬೇಡ್ಕರರ ಜಾತಿಯನ್ನೂ 1948ರಲ್ಲಿ ಅವರು ಬ್ರಾಹ್ಮಣ ವೈದ್ಯೆಯನ್ನು ಮದುವೆಯಾದದ್ದನ್ನೂ ಎಳೆದು ತಂದವು. ಇತ್ತ ಅಂಬೇಡ್ಕರರಿಗೆ ಪ್ರಧಾನಿ ನೆಹರೂ ಅವರ ಶ್ರದ್ಧೆಯ ಮೇಲೆಯೇ ನಂಬಿಕೆ ಹೋಗಿತ್ತು. 1951ರಲ್ಲಿ ಅವರು ಮಂತ್ರಿಪದವಿಗೆ ರಾಜೀನಾಮೆ ಕೊಟ್ಟರು. ಚುನಾವಣೆ ಮುಗಿದ ಮೇಲೆ ಸಂಹಿತೆ ತುಂಡುತುಂಡಾಗಿ ಕಾಯಿದೆಯಾಯಿತು. ಹಿಂದೂ ವಿವಾಹ ಕಾಯಿದೆ ಜಾರಿಗೆ ಬಂದದ್ದು 1955ರ ಮೇ 18ರಂದು. ವಧುವಿಗೆ ಹದಿನೈದು, ವರನಿಗೆ ಹದಿನೆಂಟು ತುಂಬಿರಬೇಕೆಂದು ಅದು ವಿಧಿಸಿತು, ವಿಚ್ಛೇದನಕ್ಕೂ ದಾರಿ ಮಾಡಿತು. 1978ರಲ್ಲಿ ಆ ವಯಸ್ಸುಗಳನ್ನು ಹದಿನೆಂಟು ಮತ್ತು ಇಪ್ಪತ್ತೊಂದಕ್ಕೆ ಏರಿಸಲಾಯಿತು.

ಜೈಲಿಗೆ ಹೋಗಲು ಸಿದ್ಧಳಾಗಿದ್ದ ರಖಮಾಬಾಯಿ 1889ರಲ್ಲಿ ಲಂಡನ್ನಿಗೆ ಹೋಗಿ ವೈದ್ಯಕೀಯ ಓದಿ, ಹಿಂದಿರುಗಿ ಸೂರತ್ ಮತ್ತು ರಾಜಕೋಟೆಯ ಹೆಂಗಸರ ಆಸ್ಪತ್ರೆಗಳಲ್ಲಿ ದಶಕಗಳ ಕಾಲ ದುಡಿದರು. ಮತ್ತೆ ಮದುವೆಯಾಗಲಿಲ್ಲ. ಹಿಂದೂ ವಿವಾಹ ಕಾಯಿದೆ ಬಂದಾಗ ಅವರಿಗೆ ತೊಂಬತ್ತು ವರ್ಷ. ಅದೇ 1955ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು.